ಪೇವರ್ ಬ್ಲಾಕ್ ಅಂಗಳ: ಬಿಲ್ ಕೊಡುವ ಮುನ್ನ ಏನೇನು ನೋಡಬೇಕು?

ಹೊಸದಾಗಿ ಪೇವರ್ ಬ್ಲಾಕ್ ಹಾಕಿಸಿದ ಅಂಗಳ ಮೊದಲ ವಾರ ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ. ಒಂದು ಮಳೆಗಾಲ ಕಳೆಯಲಿ, ಆಗ ಕಾರಿನ ಚಕ್ರ ಹರಿಯುವ ಕಡೆ ತಗ್ಗು ಬಿದ್ದಿರುತ್ತದೆ, ಗೇಟಿನ ಬಳಿ ಕಲ್ಲು ಅಲುಗಾಡುತ್ತದೆ, ಸಂಪಿನ ಮುಚ್ಚಳದ ಸುತ್ತ ನೀರು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಪೂರ್ತಿ ಹಣ ಕೊಟ್ಟಾಗಿರುತ್ತದೆ. ಇಂಥ ದೋಷಗಳಲ್ಲಿ ಹೆಚ್ಚಿನವು ಕಲ್ಲಿನದ್ದಲ್ಲ, ಕಲ್ಲಿನ ಕೆಳಗೆ ಮುಚ್ಚಿಹೋದ ಕೆಲಸದ್ದು. ಹಾಗಾಗಿ ಕಲ್ಲು ಕೂರಿಸುವ ಮೊದಲೇ ನಿಮ್ಮ ತಪಾಸಣೆ ಶುರುವಾಗಬೇಕು.

ಬ್ಲಾಕ್ ಬಂದಿಳಿದ ದಿನ

ಕೈಯಲ್ಲಿ ಟೇಪು ಇರಲಿ. ಹಗುರ ವಾಹನ ಓಡಾಡುವ ಜಾಗಕ್ಕೆ 60 ಮಿ.ಮೀ. ದಪ್ಪದ, ಎಂ-35 ದರ್ಜೆಯ ಬ್ಲಾಕ್ ಬೇಕೆಂದು 2006ರ ಐಎಸ್ 15658 ಮಾನಕ ಹೇಳಿತ್ತು. 50 ಮಿ.ಮೀ. ದಪ್ಪದ್ದು ನಡೆದಾಡುವ ಹಾದಿಗಷ್ಟೇ ಸಾಕು. ಮನೆಗೆ ನೀರಿನ ಟ್ಯಾಂಕರ್ ಒಳಗೇ ಬರುವುದಾದರೆ 80 ಮಿ.ಮೀ. ದಪ್ಪದ್ದನ್ನೇ ಕೇಳಿ. ರಾಶಿಯ ಮೇಲಿನ ಒಂದೇ ಬ್ಲಾಕ್ ಅಳೆದು ಬಿಡಬೇಡಿ, ಬೇರೆ ಬೇರೆ ಕಡೆಯಿಂದ ಐದಾರನ್ನು ಎತ್ತಿ ನೋಡಿ. ಒಂದೊಂದು ಒಂದೊಂದು ದಪ್ಪ ಇದ್ದರೆ ಎಂಥ ಮೇಸ್ತ್ರಿಗೂ ಮಟ್ಟ ತರಲು ಆಗುವುದಿಲ್ಲ.

ಎರಡು ಬ್ಲಾಕ್ ಒಂದಕ್ಕೊಂದು ತಟ್ಟಿದರೆ ಗಟ್ಟಿ ಸದ್ದು ಬರಬೇಕು. ಅಂಚನ್ನು ಕೀಲಿಕೈಯಿಂದ ಕೆರೆದರೆ ಪುಡಿ ಉದುರಬಾರದು. ಅನುಮಾನ ಬಂದರೆ ಚೆನ್ನಾಗಿ ಒಣಗಿದ ಬ್ಲಾಕ್ ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ ಮತ್ತೆ ತೂಗಿ. ಹೀರಿದ ನೀರು ಸರಾಸರಿ ಶೇ 6 ಮೀರಬಾರದು ಎಂಬುದು ಅದೇ ಮಾನಕದ ಮಿತಿಯಾಗಿತ್ತು. ಅಂದರೆ 3 ಕೆ.ಜಿ. ಬ್ಲಾಕಿಗೆ 180 ಗ್ರಾಂ. ಮನೆಯ ಲೆಕ್ಕ ಪ್ರಯೋಗಾಲಯದಷ್ಟು ನಿಖರವಲ್ಲ, ಆದರೂ ತೀರಾ ಕಳಪೆ ಮಾಲು ಇದರಲ್ಲೇ ಸಿಕ್ಕಿಬೀಳುತ್ತದೆ.

ನೆಲದ ಕೆಲಸ: ಇಲ್ಲಿ ಕಣ್ಣು ತಪ್ಪಿಸಬೇಡಿ

ಹಳೆಯ ಮಣ್ಣಿನ ಮೇಲೆ ಡಸ್ಟ್ ಸುರಿದು ಕಲ್ಲು ಜೋಡಿಸುವುದೇ ಎಲ್ಲ ಕಡೆ ಕಾಣುವ ಕಳ್ಳದಾರಿ. ಸರಿಯಾದ ಕ್ರಮ ಬೇರೆ. ಮೇಲಿನ ಸಡಿಲ ಮಣ್ಣು, ಬೇರು, ಕಟ್ಟಡದ ಕಸ ತೆಗೆದು, ನೆಲವನ್ನು ದಮ್ಮಸು ಮಾಡಿ, ಅದರ ಮೇಲೆ ಜಲ್ಲಿ ಮತ್ತು ಜಲ್ಲಿಪುಡಿಯ ಮಿಶ್ರಣವನ್ನು ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ ಪ್ಲೇಟ್ ಕಂಪ್ಯಾಕ್ಟರ್ ಓಡಿಸಬೇಕು. ಗಟ್ಟಿ ನೆಲವಾದರೆ ಈ ಪದರ 4ರಿಂದ 6 ಇಂಚು ಸಾಕು. ಗದಗ, ವಿಜಯಪುರದ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅಲ್ಲಿ ಇನ್ನಷ್ಟು ಆಳಕ್ಕೆ ಅಗೆದು ಗಟ್ಟಿ ಮೊರಂ ತುಂಬಿಸುವುದು ಲೇಸು.

ಪರೀಕ್ಷೆ ಸುಲಭ. ಬೂಟಿನ ಹಿಮ್ಮಡಿ ಊರಿ ತಿರುಗಿಸಿ, ಗುರುತು ಮೂಡಬಾರದು. ಸಂಪಿನ ಗೋಡೆಯ ಪಕ್ಕ, ಚೇಂಬರ್ ಸುತ್ತ, ನೀರಿನ ಪೈಪು ಹೂತ ಸಾಲಿನ ಮೇಲೆ ಇದನ್ನು ತಪ್ಪದೆ ಮಾಡಿ. ಅಲ್ಲೆಲ್ಲ ತುಂಬಿದ ಮಣ್ಣೇ ಇರುತ್ತದೆ. ದೊಡ್ಡ ಯಂತ್ರ ಆ ಮೂಲೆಗೆ ಹೋಗುವುದಿಲ್ಲ, ಕೈದಮ್ಮಸು ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅಂಗಳ ಮೊದಲು ಕುಸಿಯುವುದೂ ಅಲ್ಲೇ.

ಜಲ್ಲಿ ಪದರದ ಮೇಲೆ ಹಾಸುವ ಮರಳು ಎಲ್ಲೆಡೆ ಒಂದೇ ಸಮನಾಗಿ 20ರಿಂದ 40 ಮಿ.ಮೀ. ಇರಬೇಕು. ತಗ್ಗು ಇದ್ದಲ್ಲಿ ಹೆಚ್ಚು ಮರಳು ಸುರಿದು ಮಟ್ಟ ಮಾಡುತ್ತಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ. ತರಿಯಾದ, ತೊಳೆದ ಎಂ-ಸ್ಯಾಂಡ್ ಒಳ್ಳೆಯದು. ನುಣುಪು ಡಸ್ಟ್ ನೀರು ಹಿಡಿದಿಟ್ಟುಕೊಂಡು ಕೆಸರಾಗುತ್ತದೆ, ಚಕ್ರ ಹರಿದಾಗ ಸಂದಿನಿಂದ ಮೇಲಕ್ಕೆ ಚಿಮ್ಮುತ್ತದೆ.

ಹಾಸಿದ ಮೇಲೆ

ಹತ್ತಡಿ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಅಡ್ಡಲಾಗಿ, ಉದ್ದವಾಗಿ ಇಡಿಸಿ. ಅದರ ಕೆಳಗೆ 10 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಮತ್ತೆ ಎತ್ತಿಸಿ ಕೂರಿಸಬೇಕು. ಅಕ್ಕಪಕ್ಕದ ಎರಡು ಕಲ್ಲುಗಳ ನಡುವೆ ಮೆಟ್ಟಿಲಿನಂತೆ ಏರುಪೇರು ಇದ್ದರೆ ಬರಿಗಾಲಲ್ಲಿ ನಡೆದಾಗಲೇ ತಿಳಿಯುತ್ತದೆ, 3 ಮಿ.ಮೀ. ಮೀರಿದರೆ ಒಪ್ಪಬೇಡಿ. ಸಂದುಗಳು 2ರಿಂದ 4 ಮಿ.ಮೀ. ಇದ್ದು, ಒಣ ಸಣ್ಣ ಮರಳು ಮೇಲಿನವರೆಗೂ ತುಂಬಿರಬೇಕು. ಕಲ್ಲುಗಳು ಒಂದನ್ನೊಂದು ಹಿಡಿದುಕೊಳ್ಳುವುದು ಈ ಮರಳಿನ ಬಲದಿಂದ. ಸಂದಿಗೆ ಸಿಮೆಂಟ್ ಹಾಲು ಸುರಿದು ಮುಗಿಸುವವರಿದ್ದಾರೆ, ಅದು ಸ್ವಲ್ಪ ಅಲುಗಿದರೂ ಬಿರುಕು ಬಿಡುತ್ತದೆ. ಬೇಡ ಎನ್ನಿ.

ಅಂಚು ನೋಡಿ. ಸುತ್ತಲೂ ಕಾಂಕ್ರೀಟಿನಲ್ಲಿ ಕೂರಿಸಿದ ಕರ್ಬ್ ಇಲ್ಲದಿದ್ದರೆ ಸಾಲುಗಳು ವರ್ಷದೊಳಗೆ ಹೊರಕ್ಕೆ ಜರುಗುತ್ತವೆ. ಗೋಡೆ ಪಕ್ಕದ ತುಂಡುಗಳನ್ನು ಯಂತ್ರದಲ್ಲಿ ಕತ್ತರಿಸಿರಬೇಕು. ಸುತ್ತಿಗೆಯಿಂದ ಒಡೆದು, ಉಳಿದ ಸಂದಿಗೆ ಗಾರೆ ಮೆತ್ತಿದ್ದರೆ ಅದು ಬೇಗ ಕಿತ್ತು ಬರುತ್ತದೆ.

ಇಳಿಜಾರು ಮೀಟರಿಗೆ 2 ಸೆಂ.ಮೀ., ಅಂದರೆ ಹತ್ತಡಿಗೆ ಸುಮಾರು ಎರಡೂವರೆ ಇಂಚು, ಮನೆಯಿಂದ ಹೊರಕ್ಕೆ ಇರಲಿ. ಉಡುಪಿ, ಮಂಗಳೂರಿನಂಥ ಮಳೆಯ ಊರಲ್ಲಿ ಇದರಲ್ಲಿ ರಾಜಿ ಬೇಡ. ನಾಲ್ಕಾರು ಬಕೆಟ್ ನೀರು ಸುರಿದು ಕಾಲು ಗಂಟೆ ಬಿಟ್ಟು ನೋಡಿ, ಎಲ್ಲಿ ನಿಂತಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಮೇಸ್ತ್ರಿಗೆ ತೋರಿಸಿ.

ಕಲ್ಲಿನ ಮೇಲೆ ಬಿಳಿ ಉಪ್ಪಿನಂಥ ಪೊರೆ ಕಂಡರೆ ಗಾಬರಿ ಬೇಡ. ಸಿಮೆಂಟಿನ ಸುಣ್ಣ ಹೊರಬಂದಿದ್ದು, ಮಳೆ ಬಿಸಿಲಿಗೆ ಕ್ರಮೇಣ ಹೋಗುತ್ತದೆ. ಇದಕ್ಕಾಗಿ ಕಂಟ್ರ್ಯಾಕ್ಟರ್ ಜೊತೆ ಜಗಳವಾಡುವುದು ನ್ಯಾಯವಲ್ಲ.

ಬಿಲ್ಲಿನ ಚದರಡಿಯನ್ನು ಕಂಟ್ರ್ಯಾಕ್ಟರ್ ಎದುರೇ ಅಳೆಯಿರಿ. ಹಣದಲ್ಲಿ ಶೇ 10ರಷ್ಟನ್ನು ಮಳೆಗಾಲ ಮುಗಿಯುವವರೆಗೆ ಇಟ್ಟುಕೊಳ್ಳುವ ಮಾತನ್ನು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ. ತಗ್ಗು ಬಿದ್ದರೆ ಅದೇ ಕಲ್ಲುಗಳನ್ನು ಎತ್ತಿ ಮತ್ತೆ ಕೂರಿಸಬಹುದು. ಆದರೆ ಆಗ ಜಲ್ಲಿ ಪದರವನ್ನೇ ಬಿಚ್ಚಿ ದಮ್ಮಸು ಮಾಡಿಸಿ. ಮರಳು ಮಾತ್ರ ಏರಿಸಿ ಹೋದರೆ ಮುಂದಿನ ಮಳೆಗೆ ಅದೇ ಜಾಗ ಮತ್ತೆ ಕೂರುತ್ತದೆ.