ಸಂಕ್ರಾಂತಿಯಿಂದ ಶಿವರಾತ್ರಿ: ಕಾಯಿಪಲ್ಲೆ ತೋಟದ ಬಿಗಿ ವಾರಗಳು

ಕೆಂಗೇರಿಯಿಂದ ರಾಮೋಹಳ್ಳಿ ಕಡೆ ಹೋಗುವ ದಾರಿಯಲ್ಲಿ ನಮ್ಮದು 20 ಗುಂಟೆ. ಒಂದು ಬೋರ್‌ವೆಲ್, ಎರಡು ಹಸು, ಬೇಲಿಗೆ ಹೊಂಗೆ. 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂದ ಮೇಲೆ ನೆಲ ಕೇಳಿಕೊಂಡು ಬರುವವರು ಜಾಸ್ತಿಯಾದರು. ಕಾಯಿಪಲ್ಲೆ ಕೇಳಿಕೊಂಡು ಬರುವವರೂ ಜಾಸ್ತಿಯಾದರು. ಎರಡನೆಯವರನ್ನು ನಂಬಿಕೊಂಡು ನಮ್ಮ ಬೇಸಾಯ ನಡೆದಿದೆ.

ಎಳ್ಳು-ಬೆಲ್ಲ ಬೀರಿ ಆಯಿತು ಅಂದರೆ ಪೇಟೆಯವರಿಗೆ ಹಬ್ಬ ಮುಗಿಯಿತು. ನಮಗೆ ಅಲ್ಲಿಂದ ಶಿವರಾತ್ರಿವರೆಗಿನ ಐದಾರು ವಾರ ವರ್ಷದಲ್ಲೇ ಬಿಗಿಯಾದ ಕಾಲ. ಕೀಳೋದು, ಬೀಜ ಹಿಡಿಯೋದು, ಬೇಸಿಗೆಗೆ ಬಿತ್ತೋದು ಮೂರೂ ಒಟ್ಟಿಗೆ ಬರುತ್ತವೆ. ಜನವರಿ-ಫೆಬ್ರವರಿ ಎರಡೂ ಸೇರಿ ನಮ್ಮಲ್ಲಿ ಬೀಳುವ ಮಳೆ ಸರಾಸರಿ ಒಂದು ಸೆಂಟಿಮೀಟರ್ ಆಸುಪಾಸು. ಜನವರಿಯಲ್ಲಿ 27-28 ಡಿಗ್ರಿ ಇದ್ದ ಹಗಲಿನ ಬಿಸಿ ಮಾರ್ಚಿಗೆ 33ರ ಹತ್ತಿರ ಹೋಗುತ್ತದೆ. ಈ ವಾರಗಳಲ್ಲಿ ಏನು ತಪ್ಪು ಮಾಡುತ್ತೇವೋ ಅದನ್ನು ಏಪ್ರಿಲ್‌ವರೆಗೆ ಅನುಭವಿಸಬೇಕು. ನಾನು ಮಾಡಿದ ದೊಡ್ಡ ತಪ್ಪು ಅವರೆಯದ್ದು.

ಬೀಜದ ಸಾಲು

ನಮ್ಮ ನಾಟಿ ಅವರೆ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬರುವಂಥದ್ದು. ಜುಲೈ-ಆಗಸ್ಟಿನಲ್ಲಿ ಬಿತ್ತಿದರೂ ಹಗಲು ಕುಗ್ಗುವ ತನಕ ಹೂವಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಜೂನ್ ಕೊನೆಗೆ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆ ವ್ಯತ್ಯಾಸ ಬಳ್ಳಿಗೆ ಗೊತ್ತಾಗುತ್ತದೆ. ರಾಗಿ ಕೊಯ್ದ ಮೇಲೆ ಮಣ್ಣಿನ ಪಸೆಯಲ್ಲಿ, ಇಬ್ಬನಿಯಲ್ಲಿ ಕಾಯಿ ಕಟ್ಟುತ್ತದೆ. ಸೊಗಡು ಎಂದು ಪೇಟೆಯವರು ಮೂಸಿ ನೋಡಿ ಕೊಳ್ಳುವುದು ಇದನ್ನೇ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ‘ಹೆಬ್ಬಾಳ ಅವರೆ’ ತಳಿಗಳು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಜಯ್’, ‘ಅರ್ಕಾ ವಿಜಯ್’ ಹಾಗಲ್ಲ. ಅವು ಹಗಲಿನ ಲೆಕ್ಕ ಇಡುವುದಿಲ್ಲ. ಯಾವ ತಿಂಗಳು ಬಿತ್ತಿದರೂ ಹೂವು. ನೀರಿದ್ದವರಿಗೆ ವರ್ಷವಿಡೀ ಕಾಯಿ ತೆಗೆಯಲು ಬಲು ಅನುಕೂಲ. ಆದರೆ ಎರಡನ್ನೂ ಕಲಸಿಕೊಂಡರೆ ಕೆಟ್ಟೆವು.

ಕೆಲವು ವರ್ಷದ ಹಿಂದೆ ಸಂಕ್ರಾಂತಿಗೆ ಒಳ್ಳೆ ರೇಟು ಸಿಕ್ಕಿತು. ಇರುವ ಕಾಯಿಯನ್ನೆಲ್ಲ ಕಿತ್ತು ಸಿಟಿ ಮಾರ್ಕೆಟ್ಟಿಗೆ ಹಾಕಿದೆ. ಅಮ್ಮ ಬದುವಿನ ಮೇಲೆ ನಿಂತು ಕೂಗುತ್ತಲೇ ಇದ್ದಳು, “ಲೋ, ಆ ಎರಡು ಸಾಲು ಬೀಜಕ್ಕೆ ಕಣೋ, ಕೈ ಹಾಕ್ಬೇಡ.” ನಾನು ಕೇಳಲಿಲ್ಲ. ಕೊನೆಯ ಬೀಡಿನಲ್ಲಿ ಹಿಡಿದರಾಯಿತು ಅಂದುಕೊಂಡೆ. ಕೊನೆಯ ಬೀಡಿಗೆ ಹುಳ ಬಿತ್ತು. ಉಳಿದ ಕಾಯಿಯಲ್ಲಿ ಬೀಜ ಜೊಳ್ಳು. ಮುಂದಿನ ಮುಂಗಾರಿಗೆ ಅಂಗಡಿಯೊಂದರಿಂದ ‘ನಾಟಿ ಅವರೆ’ ಅಂತ ಬೀಜ ತಂದೆ. ಜುಲೈನಲ್ಲಿ ಬಿತ್ತಿದ್ದು ಸೆಪ್ಟೆಂಬರಿಗೇ ಹೂವು! ನಮ್ಮಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಅಂದರೆ ವರ್ಷದ ಜೋರು ಮಳೆ. ಹೂವೆಲ್ಲ ನೆಲಕ್ಕೆ. ಸಂಕ್ರಾಂತಿಗೆ ನಮ್ಮ ಮನೆಗೇ ಕಾಯಿ ಕೊಂಡು ತರಬೇಕಾಯಿತು. ತಳಿಯದ್ದು ತಪ್ಪಲ್ಲ, ಕಾಲ ನೋಡದ ತಳಿಯನ್ನು ಕಾಲದ ತಳಿ ಎಂದು ಬಿತ್ತಿದ್ದು ತಪ್ಪು.

ಕೊನೆಗೆ ಮಾಗಡಿ ಕಡೆಯ ನಮ್ಮ ದೊಡ್ಡಮ್ಮ ಎರಡು ಸೇರು ಬೀಜ ಕೊಟ್ಟಳು, ನಾಲ್ಕು ಸೇರು ವಾಪಸು ಕೊಡುವ ಮಾತಿನ ಮೇಲೆ. ಈಗ ಸಂಕ್ರಾಂತಿಗೆ ಹದಿನೈದು ದಿನ ಇರುವಾಗಲೇ, ಅಂದರೆ ಆಸೆ ಹುಟ್ಟುವ ಮೊದಲೇ, ಬೀಜದ ಗಿಡಕ್ಕೆ ಹಳೇ ಸೀರೆಯ ಪಟ್ಟಿ ಕಟ್ಟುತ್ತೇನೆ. ಮನೆಯವರು, ಕೂಲಿಯವರು ಯಾರೂ ಪಟ್ಟಿ ಇರುವ ಗಿಡ ಮುಟ್ಟುವಂತಿಲ್ಲ. ಒಂದೆರಡು ಗಿಡ ಸಾಲದು, ಹೊಲದ ನಾನಾ ಕಡೆ ಮೂವತ್ತು ನಲವತ್ತು ಗಿಡ ಬೇಕು. ನಂಜು ಹಿಡಿದದ್ದು, ಮುರುಟಿದ್ದು ಬೇಡ. ಮೊದಲ, ಎರಡನೇ ಬೀಡಿನ ತುಂಬಿದ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಡಿ. ಬಡಿದು, ಕೇರಿ, ಎರಡು-ಮೂರು ಬಿಸಿಲು ಒಣಗಿಸಿ. ಕಿಲೋ ಬೀಜಕ್ಕೆ 5 ಮಿಲಿಲೀಟರ್ ಬೇವಿನೆಣ್ಣೆ ಸವರಿದರೆ ದುಂಬಿ ಮೊಟ್ಟೆ ಇಡುವುದು ಕಡಿಮೆ. ಅಮ್ಮನ ಕ್ರಮ ಬೇರೆ: ಕೆಮ್ಮಣ್ಣಿನ ರಾಡಿಯಲ್ಲಿ ಉರುಳಿಸಿ, ಗರಿಗರಿ ಒಣಗಿಸಿ, ಮಡಕೆಗೆ ತುಂಬಿ ಬೂದಿ ಮುಚ್ಚುವುದು. ನಾನು ಅರ್ಧ ಹೀಗೆ, ಅರ್ಧ ಹಾಗೆ ಇಡುತ್ತೇನೆ.

ಮೂಲಂಗಿ ಬೀಜ ನಮ್ಮಲ್ಲೇ ಆಗುತ್ತದೆ. ಎಲೆಕೋಸು, ನವಿಲುಕೋಸು, ಕಿತ್ತಳೆ ಬಣ್ಣದ ಊಟಿ ಜಾತಿ ಕ್ಯಾರೆಟ್ಟಿನ ಬೀಜಕ್ಕೆ ಆಸೆ ಪಡಬೇಡಿ. ಅವು ಹೂವಿಗೆ ಬರಲು ನಮ್ಮ ಚಳಿ ಸಾಲದು, ಕೊಳ್ಳಲೇಬೇಕು.

ಸಣ್ಣದಿರುವಾಗಲೇ ಕೀಳಿ

ಬಿಸಿ ಏರುವಾಗ ಗಡ್ಡೆಗಳು ಕಾಯುವುದಿಲ್ಲ. ನವಿಲುಕೋಸು ಕಿತ್ತಳೆ ಹಣ್ಣಿನಷ್ಟಾದರೆ ಸಾಕು. ಇನ್ನೊಂದು ವಾರ ಬಿಟ್ಟರೆ ತೂಕ ಬರುತ್ತದೆ ನಿಜ, ಜೊತೆಗೆ ನಾರೂ ಬರುತ್ತದೆ. ಒಂದು ಸಲ ನಾರು ತಿಂದ ಗಿರಾಕಿ ಮತ್ತೆ ನಮ್ಮ ಬುಟ್ಟಿಯ ಕಡೆ ನೋಡುವುದಿಲ್ಲ. ಮೂಲಂಗಿ 45 ದಿನಕ್ಕೆ ಮೇಲೆ ಬಿಟ್ಟರೆ ಒಳಗೆ ಬೆಂಡು. ಕ್ಯಾರೆಟ್, ಬೀಟ್‌ರೂಟ್ ಹತ್ತು ಹನ್ನೆರಡು ದಿನ ಮಣ್ಣಲ್ಲೇ ತಾಳುತ್ತವೆ. ಆದ್ದರಿಂದ ಮೊದಲು ಮೂಲಂಗಿ, ಆಮೇಲೆ ನವಿಲುಕೋಸು, ಕೊನೆಗೆ ಇವು.

ಎಲೆಕೋಸು ಗಟ್ಟಿಯಾದ ಮೇಲೆ ಒಣಗಿಸಿ ನೀರು ಕೊಟ್ಟರೆ ಸೀಳುತ್ತದೆ. ರೇಟು ಬಿದ್ದು ನಾಲ್ಕು ದಿನ ಕಾಯಬೇಕಾದರೆ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ. ಒಂದಿಷ್ಟು ಬೇರು ಹರಿದು ಬೆಳವಣಿಗೆ ನಿಲ್ಲುತ್ತದೆ, ಕೋಸು ಸೀಳುವುದಿಲ್ಲ. ಕೋಸಿನ ಹುಳಕ್ಕೆ ಈಗ ಹೊಡೆಯುವುದು ತಡ ಆದ ಮಾತು. ಮುಂದಿನ ಸಲಕ್ಕೆ ಹೆಸರಘಟ್ಟದವರ ಸಾಸಿವೆ ಉಪಾಯ ನೆನಪಿಡಿ: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದನ್ನು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತುವುದು. ಚಿಟ್ಟೆ ಸಾಸಿವೆ ಮೇಲೆ ಮೊಟ್ಟೆ ಇಡುತ್ತದೆ. ಔಷಧಿ ಹೊಡೆಯುವುದಾದರೆ ಅಲ್ಲಿ ಹೊಡೆಯಿರಿ.

ಅವರೇಕಾಯಿಯನ್ನು ಇಬ್ಬನಿಯಲ್ಲೇ ಬಿಡಿಸುವುದು ರೂಢಿ. ಆದರೆ ಒದ್ದೆ ಕಾಯಿಯನ್ನು ಹಾಗೇ ಮೂಟೆಗೆ ತುಂಬಬೇಡಿ. ಕಾವು ಹುಟ್ಟಿ ಸಿಪ್ಪೆ ಕಪ್ಪಾಗುತ್ತದೆ. ನೆರಳಲ್ಲಿ ಒಂದು ಗಂಟೆ ಹರಡಿ.

ನೀರನ್ನು ಅಳೆದು ಬಿತ್ತನೆ

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಬಸವೇಶ್ವರನಗರ, ವಿಜಯನಗರದ ತಾರಸಿ ತೋಟದವರು ಅಕ್ಕಿ ತೊಳೆದ ನೀರು ಹಿಡಿದಿಟ್ಟರು. ನಾನು 20 ಗುಂಟೆಯೂ ಬಿತ್ತಿ ಕೂತಿದ್ದೆ. ಎಂಟು ಗುಂಟೆ ಬೆಂಡೆ ಕಣ್ಣೆದುರೇ ಒಣಗಿತು.

ಆಮೇಲೆ ಈ ಲೆಕ್ಕ ಕಲಿತೆ. ಒಂದು ಮಿಲಿಮೀಟರ್ ನೀರು ಅಂದರೆ ಚದರ ಮೀಟರಿಗೆ ಒಂದು ಲೀಟರ್. ಗುಂಟೆಗೆ 101 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಹಾರಿಹೋಗುತ್ತದೆಂದು ಹಿಡಿದರೆ ಗುಂಟೆಗೆ 450 ಲೀಟರ್ ಬೇಕು. ಈಗ 200 ಲೀಟರ್ ಡ್ರಮ್ ಇಟ್ಟು ಗಡಿಯಾರ ನೋಡಿ. ನಮ್ಮದು ತುಂಬಲು 8 ನಿಮಿಷ. ಗಂಟೆಗೆ 1,500 ಲೀಟರ್ ಆಯಿತು. ಕರೆಂಟು ನಂಬುವಂತೆ ಸಿಗುವುದು ಮೂರು ಗಂಟೆ. 4,500 ಲೀಟರ್, ಹತ್ತು ಗುಂಟೆ. ಅಷ್ಟೇ! ಡ್ರಮ್ ಅಳತೆಯನ್ನು ಸಂಕ್ರಾಂತಿ ಮಾರನೆ ದಿನ ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿ. ಇಳಿದಿದ್ದರೆ ಎರಡನೇ ಅಂಕಿಯನ್ನೇ ನಂಬಿ.

ನೀರು ಸಾಲದಾದಾಗ ವೃಷಭಾವತಿ ಕಡೆ ಕಣ್ಣು ಹೋಗುತ್ತದೆ. ಹತ್ತಿರದಲ್ಲೇ ವರ್ಷಪೂರ್ತಿ ಹರಿಯುತ್ತದೆ, ದುಡ್ಡಿಲ್ಲ, ಸೊಪ್ಪು ಹಸಿರಾಗಿ ಕೊಬ್ಬುತ್ತದೆ. ಆದರೆ ಹರಿಯುವುದು ಊರಿನ ಚರಂಡಿ ಮತ್ತು ಕಾರ್ಖಾನೆ ನೀರು. ಅದರಲ್ಲಿ ಬೆಳೆದ ಸೊಪ್ಪು-ತರಕಾರಿಯಲ್ಲಿ ಸೀಸದಂಥ ಲೋಹಗಳು ಸಿಕ್ಕಿದ್ದನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿ ತೋರಿಸಿದ್ದಾರೆ. ತೊಳೆದರೆ, ಬೇಯಿಸಿದರೆ ಅದು ಹೋಗುವಂಥದ್ದಲ್ಲ. ನಮ್ಮ ಮಕ್ಕಳೂ ಅದೇ ಸೊಪ್ಪು ತಿನ್ನಬೇಕಲ್ಲ? ಹತ್ತು ಗುಂಟೆ ಬೀಳು ಬಿಡುವುದೇ ಮೇಲು.

ಆ ಹತ್ತು ಗುಂಟೆಗೆ ನಾವು ಹಾಕುವುದು ಬಿಸಿಲಿಗೆ ಹೆದರದವನ್ನು: ಗೋರಿಕಾಯಿ, ದಂಟು, ಹೀರೆ, ಪಡವಲ, ಸ್ವಲ್ಪ ಬೆಂಡೆ. ಬಳ್ಳಿಗೆ ಗುಂಡಿ ತೋಡಿ ತಿಪ್ಪೆಗೊಬ್ಬರ ತುಂಬಿ, ಗುಂಡಿಗೆ ಮಾತ್ರ ನೀರು. ಬೆಂಡೆಗೆ ಬೇಸಿಗೆಯಲ್ಲಿ ಬಿಳಿನೊಣದಿಂದ ಹಳದಿ ನಂಜು ಬರುತ್ತದೆ. ‘ಅರ್ಕಾ ಅನಾಮಿಕ’ ಅದನ್ನು ತಡೆಯಲೆಂದೇ ಬಂದ ತಳಿಯಾದರೂ ಈಗ ಮೊದಲಿನಷ್ಟು ತಡೆಯುತ್ತಿಲ್ಲ. ಮೊದಲ ಗಿಡ ಹಳದಿ ಕಂಡ ದಿನವೇ ಕಿತ್ತು ಹೂಳಿ. ಬದನೆ, ಮೆಣಸಿನಕಾಯಿ ಒಟ್ಲಿಗೂ ಇದೇ ನೊಣದ ಕಾಟ, ನೈಲಾನ್ ಬಲೆ ಹೊದಿಸಿಡುತ್ತೇವೆ.

ಪುಕ್ಕಟೆ ತರಗೆಲೆ

ಮಣ್ಣು ಮುಚ್ಚಿದರೆ ನೀರು ಉಳಿಯುತ್ತದೆ, ಎಲ್ಲರಿಗೂ ಗೊತ್ತು. ಮುಚ್ಚಲು ಏನಿದೆ? ರಾಗಿ ಹುಲ್ಲು, ಅವರೆ ಹೊಟ್ಟು ಹಸುವಿನ ಪಾಲು. ಹೊಂಗೆ ಎಲೆ ಉದುರಿಸುವುದು ಸರಿಯಾಗಿ ಈಗಲೇ. ಬೇಲಿಯದು ಸಾಲದೆ ಹೋದಾಗ ರಾಜಾಜಿನಗರದ ರಸ್ತೆಗಳು ನೆನಪಾದವು. ಅಲ್ಲಿ ಗುಡಿಸಿ ಗುಡ್ಡೆ ಹಾಕಿದ ಎಲೆಗೆ ಯಾರೋ ಬೆಂಕಿ ಇಡುತ್ತಾರೆ. ಕಾಯಿಪಲ್ಲೆ ಇಳಿಸಿದ ಗೂಡ್ಸ್ ಆಟೋ ಖಾಲಿ ಬರುತ್ತಲ್ಲ, ಅದಕ್ಕೆ ಇಪ್ಪತ್ತು ಚೀಲ ಎಲೆ. ಗುಡಿಸುವ ಅಕ್ಕಂದಿರಿಗೆ ಒಂದು ಕಟ್ಟು ಸೊಪ್ಪು ಕೊಟ್ಟರೆ ಅವರೇ ತುಂಬಿ ಇಟ್ಟಿರುತ್ತಾರೆ. ಪ್ಲಾಸ್ಟಿಕ್ಕು, ಗಾಜಿನ ಚೂರು ಆರಿಸುವುದು ಮಾತ್ರ ನಮ್ಮ ಕೆಲಸ. ಒಂದು ಸಲ ಕಾಲಿಗೆ ಚುಚ್ಚಿಸಿಕೊಂಡಿದ್ದೇನೆ.

ನಾಲ್ಕು ಬೆರಳು ದಪ್ಪ ಹಾಸಿ, ಬುಡಕ್ಕೆ ತಾಗದಂತೆ. ಹಾಸಿದ ಮೇಲೆ ಹೀರೆ ಗುಂಡಿಗೆ ದಿನ ಬಿಟ್ಟು ದಿನ ಕೊಡುತ್ತಿದ್ದ ನೀರನ್ನು ಮೂರು ದಿನಕ್ಕೊಮ್ಮೆ ಕೊಡುತ್ತಿದ್ದೇವೆ. ಉಳಿದ ನೀರಿಗೆ ಇನ್ನೆರಡು ಗುಂಟೆ ಬಿತ್ತೋಣ ಅನ್ನಿಸಿತ್ತು. ಈ ವರ್ಷ ಬಿತ್ತಲಿಲ್ಲ. ಬೀಳು ಬಿಟ್ಟ ಕಡೆ ಹಸು ಕಟ್ಟಿದ್ದೇನೆ. ದೊಡ್ಡಮ್ಮನಿಗೆ ನಾಲ್ಕು ಸೇರು ಅವರೆ ಅಳೆದು ಕೊಟ್ಟಾಯಿತು; ಎರಡು ಸೇರು ನಮ್ಮ ಮಡಕೆಯಲ್ಲಿದೆ.