ಬೃಹದಣುಗಳ ತೂಕವನ್ನು ಅಳೆಯುವ ಬಗೆ

ತಕ್ಕಡಿಯಲ್ಲಿ ಇಡಬಹುದಾದ ವಸ್ತುವನ್ನು ತೂಗುವುದು ಯಾವ ಅಂಗಡಿಯವನಿಗೂ ತಿಳಿದ ಕೆಲಸ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಅಣುವೊಂದನ್ನು ತೂಗುವುದು ಹೇಗೆ? ಜಲಜನಕದ ಪರಮಾಣುವಿನ ತೂಕವನ್ನು ಸುಮಾರಾಗಿ 1 ಎಂದು ಎಣಿಸಿದರೆ ನೀರಿನ ಅಣುವಿನ ತೂಕ 18, ಸಕ್ಕರೆಯ ಅಣುವಿನ ತೂಕ 342 ಆಗುತ್ತದೆ. ಇದಕ್ಕೆ ಅಣುತೂಕವೆಂದು ಹೆಸರು. ಇಂತಹ ಸಣ್ಣ ಅಣುಗಳ ತೂಕವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಆದರೆ ಲಕ್ಷಗಟ್ಟಲೆ ಅಣುತೂಕವುಳ್ಳ ಅಣುಗಳೂ ಉಂಟು. ಅವನ್ನು ತೂಗಲು ಹೊರಟ ವಿಜ್ಞಾನಿಗಳಿಗೆ ಒದಗಿದ ತೊಡಕುಗಳನ್ನೂ ಅವರು ಕಂಡುಕೊಂಡ ಉಪಾಯಗಳನ್ನೂ ಇಲ್ಲಿ ವಿಚಾರಿಸೋಣ.

ಬೃಹದಣು ಎಂದರೇನು?

ಹೂಮಾಲೆಯಲ್ಲಿ ಒಂದೇ ಬಗೆಯ ಹೂಗಳು ಸಾಲಾಗಿ ಪೋಣಿಸಲ್ಪಟ್ಟಿರುವಂತೆ, ಒಂದೇ ಬಗೆಯ ಸಣ್ಣ ಘಟಕಗಳು ಸಾವಿರಾರು ಸಂಖ್ಯೆಯಲ್ಲಿ ಕೂಡಿಕೊಂಡು ಒಂದು ಉದ್ದವಾದ ಅಣುವಾಗುತ್ತವೆ. ಇದೇ ಬೃಹದಣು ಅಥವಾ ಪಾಲಿಮರ್. ಅಕ್ಕಿಯ ಪಿಷ್ಟ, ಹತ್ತಿಯ ನೂಲು, ನೈಲಾನ್, ಪಾಲಿಥೀನ್ ಎಲ್ಲವೂ ಈ ಜಾತಿಗೆ ಸೇರಿದವು. ಕಾಸರಗೋಡಿನ ಗುಡ್ಡಗಳಲ್ಲಿ ಬೆಳಗಿನ ಹೊತ್ತು ರಬ್ಬರ್ ಮರದಿಂದ ಇಳಿಸುವ ಹಾಲಿನಲ್ಲಿಯೂ ಇಂತಹ ಸರಪಣಿಗಳೇ ಇವೆ. ಅದರ ಒಂದೊಂದು ಕೊಂಡಿಯ ತೂಕ 68. ಒಂದು ಸರಪಣಿಯಲ್ಲಿ 10,000 ಕೊಂಡಿಗಳಿದ್ದರೆ ಅದರ ಅಣುತೂಕ 6,80,000 ಆಗುವುದೆಂದು ನೀವೇ ಗುಣಿಸಿ ತಿಳಿಯಬಹುದು.

ಇಷ್ಟು ದೊಡ್ಡ ಅಣು ಇರಬಲ್ಲುದೆಂಬುದನ್ನು ನೂರು ವರ್ಷಗಳ ಹಿಂದೆ ದೊಡ್ಡ ವಿದ್ವಾಂಸರೇ ನಂಬುತ್ತಿರಲಿಲ್ಲ. ರಬ್ಬರ್ ಮೊದಲಾದವು ಸಣ್ಣ ಅಣುಗಳ ಗುಂಪುಗಳು ಮಾತ್ರ, ಅವು ಸಡಿಲವಾಗಿ ಒಂದಕ್ಕೊಂದು ಅಂಟಿಕೊಂಡಿವೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಜರ್ಮನಿಯ ಹರ್ಮನ್ ಷ್ಟೌಡಿಂಗರ್ 1920ರಲ್ಲಿ ಇದಕ್ಕೆ ಎದುರಾಗಿ, ಇವು ಗಟ್ಟಿಯಾದ ರಾಸಾಯನಿಕ ಬಂಧಗಳಿಂದ ಕೂಡಿದ ನಿಜವಾದ ಸರಪಣಿಗಳೆಂದು ಪ್ರತಿಪಾದಿಸಿದರು. ರಬ್ಬರಿಗೆ ಜಲಜನಕವನ್ನು ಸೇರಿಸಿದರೆ ಗುಂಪು ಒಡೆದು ಸಣ್ಣ ಅಣುಗಳು ಹೊರಬೀಳಬೇಕೆಂದು ಹಳೆಯ ಮತದವರ ಎಣಿಕೆ. ಅವರು ಹಾಗೆಯೇ ಸೇರಿಸಿ ನೋಡಿದರು, ಗುಂಪು ಒಡೆಯಲಿಲ್ಲ. ಆದರೂ ವಾದವು ಬೇಗನೆ ಮುಗಿಯಲಿಲ್ಲ. ಬರಿಯ ಮಾತಿನಿಂದ ತೀರದ ಈ ವ್ಯಾಜ್ಯವನ್ನು ಕೊನೆಗೆ ತೀರಿಸಿದ್ದರಲ್ಲಿ ಅಳತೆಯ ಪಾಲು ದೊಡ್ಡದು. ಷ್ಟೌಡಿಂಗರ್ ಅವರಿಗೆ 1953ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಹಳೆಯ ವಿಧಾನವೇಕೆ ಸಾಲದು?

ದ್ರಾವಕದಲ್ಲಿ ಯಾವುದಾದರೂ ವಸ್ತುವನ್ನು ಕರಗಿಸಿದರೆ ಅದು ಹೆಪ್ಪುಗಟ್ಟುವ ಉಷ್ಣತೆಯು ತಗ್ಗುತ್ತದೆ. ಎಷ್ಟು ತಗ್ಗುವುದೆಂಬುದು ಕರಗಿದ ಅಣುಗಳ ಸಂಖ್ಯೆಯನ್ನು ಅವಲಂಬಿಸಿದೆ. ಒಂದು ಕಿಲೋಗ್ರಾಂ ಬೆಂಜೀನಿನಲ್ಲಿ 10 ಗ್ರಾಂ ನ್ಯಾಫ್ತಲೀನನ್ನು, ಎಂದರೆ ನುಸಿಗುಳಿಗೆಯ ಪುಡಿಯನ್ನು, ಕರಗಿಸಿದರೆ ಸುಮಾರು 0.4 ಡಿಗ್ರಿ ಇಳಿತವಾಗುತ್ತದೆ. ಇದನ್ನು ಸುಲಭವಾಗಿ ಅಳೆಯಬಹುದು. ಅದೇ 10 ಗ್ರಾಂ ವಸ್ತುವಿನ ಅಣುತೂಕ ಒಂದು ಲಕ್ಷವಾಗಿದ್ದರೆ ಅಣುಗಳ ಸಂಖ್ಯೆ ಬಹಳ ಕಡಿಮೆಯಾಗಿ, ಇಳಿತವು ಕೇವಲ 0.0005 ಡಿಗ್ರಿ ಮಾತ್ರ! ಅಲ್ಲದೆ ಈ ಲೆಕ್ಕದಲ್ಲಿ ಒಂದು ಸಣ್ಣ ಅಣುವೂ ಒಂದು ದೊಡ್ಡ ಅಣುವೂ ಸಮಾನ. ಅಳತೆಯ ಪಾತ್ರೆಯಲ್ಲಿ ಚೂರು ಕಶ್ಮಲವಿದ್ದರೂ ಫಲಿತಾಂಶವೆಲ್ಲ ಕೆಡುತ್ತದೆ.

ಅಭಿಸರಣದ ಉಪಾಯ

ದ್ರಾವಕವನ್ನು ಮಾತ್ರ ಬಿಟ್ಟು ಬೃಹದಣುವನ್ನು ತಡೆಯುವ ಒಂದು ಪೊರೆಯನ್ನು ತೆಗೆದುಕೊಳ್ಳಿ. ಪೊರೆಯ ಒಂದು ಬದಿಗೆ ಶುದ್ಧ ದ್ರಾವಕವನ್ನೂ ಮತ್ತೊಂದು ಬದಿಗೆ ದ್ರಾವಣವನ್ನೂ ಇಟ್ಟರೆ, ದ್ರಾವಕವು ಪೊರೆಯನ್ನು ದಾಟಿ ದ್ರಾವಣದ ಕಡೆಗೆ ಹರಿಯುತ್ತದೆ. ಅಲ್ಲಿಯ ನಳಿಗೆಯಲ್ಲಿ ದ್ರವವು ಮೇಲೇರುತ್ತದೆ. ಏರಿಕೆಯು ನಿಂತಾಗ ಆ ದ್ರವಸ್ತಂಭದ ಎತ್ತರವು ಅಭಿಸರಣದ ಒತ್ತಡವನ್ನು ತಿಳಿಸುತ್ತದೆ. ಈ ಒತ್ತಡವು ದ್ರಾವಣದ ಸಾರತೆಗೆ ಅನುಲೋಮವಾಗಿಯೂ ಅಣುತೂಕಕ್ಕೆ ವಿಲೋಮವಾಗಿಯೂ ಇರುತ್ತದೆ. ಇದು ಡಚ್ ವಿಜ್ಞಾನಿ ವಾನ್ಟ್ ಹಾಫ್ ಹೇಳಿದ ನಿಯಮ. ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನವನ್ನು 1901ರಲ್ಲಿ ಪಡೆದವರು ಇವರೇ.

ಒಂದು ಲೀಟರಿನಲ್ಲಿ 10 ಗ್ರಾಂ ಬೃಹದಣುವಿದ್ದು ಅದರ ಅಣುತೂಕ ಒಂದು ಲಕ್ಷವಾಗಿದ್ದರೆ, 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಈ ನಿಯಮದಂತೆ ಒತ್ತಡವು ಸುಮಾರು ಎರಡೂವರೆ ಸೆಂಟಿಮೀಟರು ನೀರಿನ ಕಂಬಕ್ಕೆ ಸಮವಾಗುತ್ತದೆ. 0.0005 ಡಿಗ್ರಿಯನ್ನು ಅಳೆಯುವುದೆಲ್ಲಿ, ಎರಡೂವರೆ ಸೆಂಟಿಮೀಟರನ್ನು ಅಳೆಯುವುದೆಲ್ಲಿ! ಸಣ್ಣ ಅಣುಗಳ ಕಶ್ಮಲವಿದ್ದರೂ ಅದು ಪೊರೆಯನ್ನು ದಾಟಿ ಎರಡು ಬದಿಗೂ ಹಂಚಿಹೋಗುವುದರಿಂದ ಬಾಧಕವಿಲ್ಲ. ಆದರೆ ಈ ವಿಧಾನಕ್ಕೂ ಮಿತಿಯುಂಟು. ಅಣುತೂಕ ಹತ್ತು ಲಕ್ಷವಾದರೆ ಕಂಬದ ಎತ್ತರ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಸರಪಣಿಯು ತೀರ ಚಿಕ್ಕದಾದರೆ ಅದೂ ಪೊರೆಯಲ್ಲಿ ನುಸುಳುತ್ತದೆ. ಇನ್ನೊಂದು ಮಾತು: ಸಾರತೆ ಹೆಚ್ಚಿದಂತೆ ಸರಪಣಿಗಳು ಒಂದನ್ನೊಂದು ಬಾಧಿಸುವುದರಿಂದ ನಿಯಮವು ಸರಿಯಾಗಿ ನಡೆಯುವುದಿಲ್ಲ. ಆದುದರಿಂದ ಬೇರೆಬೇರೆ ಸಾರತೆಗಳಲ್ಲಿ ಅಳೆದು, ನಕ್ಷೆಯಲ್ಲಿ ಗೆರೆಯೆಳೆದು, ಸಾರತೆ ಸೊನ್ನೆಯಾದಾಗ ಬರುವ ಬೆಲೆಯನ್ನು ಹಿಡಿಯಬೇಕು.

ಸ್ನಿಗ್ಧತೆಯ ಉಪಾಯ

ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಹಾಕಿದರೆ ಅದರ ಹರಿವು ಹೆಚ್ಚು ಬದಲಾಗದು. ಅಷ್ಟೇ ಅಕ್ಕಿಹಿಟ್ಟನ್ನು ಹಾಕಿ ಕುದಿಸಿದರೆ ಅದು ಗಂಜಿಯಾಗಿ ನಿಧಾನವಾಗಿ ಹರಿಯುತ್ತದೆ. ಉದ್ದನೆಯ ಸರಪಣಿಗಳು ದ್ರವದ ಹರಿವಿಗೆ ಅಡ್ಡಿಯಾಗುವುದೇ ಇದಕ್ಕೆ ಮುಖ್ಯ ಕಾರಣ. ಹರಿವಿಗೆ ಒದಗುವ ಈ ತಡೆಯೇ ಸ್ನಿಗ್ಧತೆ. ಸರಪಣಿ ಉದ್ದವಾದಷ್ಟೂ ಸ್ನಿಗ್ಧತೆ ಹೆಚ್ಚು ಎಂಬುದನ್ನು ಷ್ಟೌಡಿಂಗರ್ ತೂಕವನ್ನು ಅಳೆಯಲು ಬಳಸಿಕೊಂಡರು.

ಇದಕ್ಕೆ ಬೇಕಾದ ಸಲಕರಣೆಗಳು ಸರಳವಾದವು: ಕೂದಲಿನಂತೆ ಸಣ್ಣ ರಂಧ್ರವುಳ್ಳ ಗಾಜಿನ ನಳಿಗೆ, ಉಷ್ಣತೆ ಬದಲಾಗದಂತೆ ಕಾಯ್ದ ನೀರಿನ ತೊಟ್ಟಿ, ಒಂದು ನಿಲುಗಡಿಯಾರ. ಎರಡು ಗುರುತುಗಳ ನಡುವೆ ದ್ರವವು ಇಳಿಯಲು ಹಿಡಿಯುವ ಕಾಲವನ್ನು ಅಳೆಯಬೇಕು. ಶುದ್ಧ ದ್ರಾವಕಕ್ಕೆ 100 ಸೆಕೆಂಡು ಹಿಡಿಯಿತೆಂದು ಭಾವಿಸೋಣ. 100 ಮಿಲಿಲೀಟರಿನಲ್ಲಿ 1 ಗ್ರಾಂ, ಅರ್ಧ ಗ್ರಾಂ, ಕಾಲು ಗ್ರಾಂ ಬೃಹದಣುವಿರುವ ಮೂರು ದ್ರಾವಣಗಳಿಗೆ ಅನುಕ್ರಮವಾಗಿ 158, 127, 113 ಸೆಕೆಂಡು ಹಿಡಿಯಲಿ. ದ್ರಾವಕಕ್ಕಿಂತ ಹೆಚ್ಚಾದ ಭಾಗ 0.58, 0.27, 0.13. ಇವನ್ನು ಆಯಾ ಸಾರತೆಯಿಂದ ಭಾಗಿಸಿದರೆ 0.58, 0.54, 0.52 ಬರುತ್ತದೆ. ಚೌಕುಳಿ ಕಾಗದದ ಮೇಲೆ ಈ ಮೂರು ಬಿಂದುಗಳನ್ನು ಗುರುತಿಸಿ ಗೆರೆಯನ್ನು ಮುಂದುವರಿಸಿದರೆ, ಸಾರತೆ ಸೊನ್ನೆಯಾಗುವಲ್ಲಿ 0.50 ದೊರೆಯುತ್ತದೆ. ಇದು ಒಂಟಿ ಸರಪಣಿಯ ಗುಣ; ಇದಕ್ಕೆ ನಿಜಸ್ನಿಗ್ಧತೆ ಎನ್ನೋಣ.

ನಿಜಸ್ನಿಗ್ಧತೆಯು ಅಣುತೂಕಕ್ಕೆ ನೇರ ಪ್ರಮಾಣದಲ್ಲಿರುವುದೆಂದು ಷ್ಟೌಡಿಂಗರ್ ಎಣಿಸಿದ್ದರು. ಸರಪಣಿಗಳು ಕಡ್ಡಿಯಂತೆ ಸೆಟೆದಿರುವುವೆಂದು ಅವರ ಊಹೆ. ವಾಸ್ತವದಲ್ಲಿ ಅನೇಕ ಸರಪಣಿಗಳು ದ್ರಾವಣದಲ್ಲಿ ನೂಲಿನ ಸಿಕ್ಕಿನಂತೆ ಮುದುರಿಕೊಂಡಿರುತ್ತವೆ. ಆದುದರಿಂದ ಅಣುತೂಕದ ಒಂದು ಘಾತಕ್ಕೆ ನಿಜಸ್ನಿಗ್ಧತೆಯು ಅನುಗುಣವಾಗಿರುತ್ತದೆ. ಮುದುರಿದ ಸರಪಣಿಗಳಿಗೆ ಈ ಘಾತಾಂಕವು ಸಾಮಾನ್ಯವಾಗಿ 0.5ರಿಂದ 0.8ರ ವರೆಗೆ. ಈ ತಿದ್ದುಪಡಿಯು ಮಾರ್ಕ್ ಮತ್ತು ಹೌವಿಂಕ್ ಎಂಬವರ ಹೆಸರಿನಿಂದ ಪ್ರಸಿದ್ಧವಾಗಿದೆ. ಘಾತಾಂಕ 0.7 ಆಗಿದ್ದರೆ, ನಿಜಸ್ನಿಗ್ಧತೆ ಇಮ್ಮಡಿಯಾದಾಗ ಅಣುತೂಕವು ಸುಮಾರು 2.7 ಮಡಿಯಾಗುತ್ತದೆ. ಆದರೆ ಈ ಅಂಕೆಗಳನ್ನು ಬೇರೊಂದು ವಿಧಾನದಿಂದ ತೂಕ ತಿಳಿದ ಮಾದರಿಗಳನ್ನಿಟ್ಟುಕೊಂಡು ಮೊದಲೇ ನಿಷ್ಕರ್ಷಿಸಿರಬೇಕು. ಸ್ನಿಗ್ಧತೆಯು ತಾನಾಗಿಯೇ ತೂಕವನ್ನು ಹೇಳದು. ಪಡಿಯಚ್ಚಿಲ್ಲದೆ ಅದು ಮೂಕ.

ಬೇರೆ ಮಾರ್ಗಗಳು

ಸ್ವೀಡನ್ನಿನ ಸ್ವೇಡ್‌ಬೆರಿಯವರು 1920ರ ದಶಕದಲ್ಲಿ ದ್ರಾವಣವನ್ನು ಮಹಾವೇಗದಿಂದ ತಿರುಗಿಸಿ, ಅಣುಗಳು ಅಂಚಿನ ಕಡೆಗೆ ಸರಿಯುವುದನ್ನು ಅಳೆಯುವ ಯಂತ್ರವನ್ನು ಕಟ್ಟಿದರು. ರಕ್ತದ ಹೀಮೊಗ್ಲೋಬಿನ್ನಿನ ಅಣುತೂಕ ಸುಮಾರು 67,000 ಎಂದು ಅವರು ಕಂಡರು. ಇಂದು ಒಪ್ಪಿರುವ ಬೆಲೆ ಸುಮಾರು 64,500.

ದ್ರಾವಣದಲ್ಲಿ ಹಾಯುವ ಬೆಳಕು ಚೆದರುವುದರಿಂದಲೂ ತೂಕವನ್ನು ತಿಳಿಯಬಹುದು. ಸಾರತೆ ಒಂದೇ ಆಗಿದ್ದರೆ ದೊಡ್ಡ ಅಣುಗಳು ಹೆಚ್ಚು ಬೆಳಕನ್ನು ಚೆದರಿಸುತ್ತವೆ. ನಮ್ಮ ಸಿ. ವಿ. ರಾಮನ್ ಅವರು 1927ರಲ್ಲಿಯೇ ಈ ಚೆದರಿಕೆಗೂ ಅಭಿಸರಣದ ಒತ್ತಡಕ್ಕೂ ಇರುವ ಸಂಬಂಧವನ್ನು ಕುರಿತು ಬರೆದರು. 1944ರಲ್ಲಿ ಡಿಬೈ ಅವರು ಇದನ್ನು ಬೃಹದಣುಗಳ ತೂಕಕ್ಕೆ ಅನ್ವಯಿಸಿದರು.

ಯಾವ ಸರಾಸರಿ?

ಸಕ್ಕರೆಯ ಅಣುಗಳೆಲ್ಲ ಒಂದೇ ತೂಕದವು. ಪಾಲಿಮರಿನ ಸರಪಣಿಗಳು ಸಾಮಾನ್ಯವಾಗಿ ಹಾಗಲ್ಲ. ಆದುದರಿಂದ ದೊರೆಯುವುದು ಸರಾಸರಿ. 10,000 ತೂಕದ 9 ಸರಪಣಿಗಳೂ 1,10,000 ತೂಕದ 1 ಸರಪಣಿಯೂ ಇವೆಯೆನ್ನಿ. ಒಟ್ಟು ತೂಕ 2,00,000. ತಲೆಯೆಣಿಕೆಯ ಸರಾಸರಿ 20,000. ಅಭಿಸರಣವು ತಿಳಿಸುವುದು ಇದನ್ನು. ಬೆಳಕಿನ ಚೆದರಿಕೆಯಲ್ಲಿ ದೊಡ್ಡ ಸರಪಣಿಗೆ ಹೆಚ್ಚು ಬೆಲೆ. ಆ ಸರಾಸರಿ ಬೇಕಾದರೆ ಪ್ರತಿಯೊಂದು ತೂಕವನ್ನು ಅದರಿಂದಲೇ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ಆಗ 65,000 ಬರುತ್ತದೆ. ಎರಡೂ ನಿಜವೇ, ಪ್ರಶ್ನೆಗಳು ಬೇರೆ, ಆದುದರಿಂದ ಉತ್ತರಗಳೂ ಬೇರೆ. ಇವೆರಡರ ಅಂತರವು ಸರಪಣಿಗಳು ಎಷ್ಟು ಅಸಮವಾಗಿವೆ ಎಂಬುದನ್ನು ಸೂಚಿಸುತ್ತದೆ.

ಪ್ರಯೋಜನವೇನು?

ಇದರಿಂದೇನು ಲಾಭವೆಂದು ಪೋಷಕರು ಕೇಳಬಹುದು. ಎರಡು ಉದಾಹರಣೆಗಳು ಸಾಕು. ಅಧಿಕ ರಕ್ತಸ್ರಾವವಾದವರ ನಾಳಗಳಿಗೆ ತುಂಬಲೆಂದು ಡೆಕ್ಸ್‌ಟ್ರಾನ್ ಎಂಬ ಬೃಹದಣುವಿನ ದ್ರಾವಣವನ್ನು ಸ್ವೀಡನ್ನಿನಲ್ಲಿ 1940ರ ದಶಕದಲ್ಲಿ ಸಿದ್ಧಪಡಿಸಿದರು. ಸರಪಣಿ ತೀರ ಚಿಕ್ಕದಾದರೆ ಮೂತ್ರದೊಡನೆ ಬೇಗನೆ ಹೊರಟುಹೋಗುತ್ತದೆ. ತೀರ ದೊಡ್ಡದಾದರೆ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡೆಕ್ಸ್‌ಟ್ರಾನ್ 40, ಡೆಕ್ಸ್‌ಟ್ರಾನ್ 70 ಎಂಬ ಹೆಸರುಗಳಲ್ಲಿರುವ ಅಂಕೆಗಳು ಸರಾಸರಿ ಅಣುತೂಕದ ಸಾವಿರಗಳು. ಇಲ್ಲಿ ತಪ್ಪಾದ ಅಳತೆಯೆಂದರೆ ರೋಗಿಯ ಪ್ರಾಣಕ್ಕೆ ಅಪಾಯ.

ಎರಡನೆಯದು ವಿದ್ಯುತ್ತಿನ ದೊಡ್ಡ ಟ್ರಾನ್ಸ್‌ಫಾರ್ಮರ್. ಅದರೊಳಗಿನ ತಂತಿಗಳಿಗೆ ಸುತ್ತಿದ ಕಾಗದದಲ್ಲಿ, ಹೊಸದಾಗಿರುವಾಗ, ಒಂದೊಂದು ಸರಪಣಿಯಲ್ಲಿಯೂ ಸರಾಸರಿ ಸಾವಿರದಷ್ಟು ಕೊಂಡಿಗಳಿರುತ್ತವೆ. ವರ್ಷಗಳ ಕಾವಿನಿಂದ ಸರಪಣಿಗಳು ತುಂಡಾಗುತ್ತ ಹೋಗುತ್ತವೆ. ಕಾಗದದ ಚೂರನ್ನು ಕರಗಿಸಿ ಸ್ನಿಗ್ಧತೆಯನ್ನು ಅಳೆದಾಗ ಕೊಂಡಿಗಳು 200ರ ಸುಮಾರಿಗೆ ಇಳಿದಿದ್ದರೆ, ಆ ಕಾಗದದ ಆಯುಸ್ಸು ಮುಗಿಯಿತೆಂದು ತಿಳಿಯತಕ್ಕದ್ದು.

ಹೀಗೆ ಕಾಣದ ಸರಪಣಿಯ ತೂಕವು ಏರುವ ದ್ರವಸ್ತಂಭದಲ್ಲಿ, ಇಳಿಯುವ ದ್ರವದ ಕಾಲದಲ್ಲಿ, ಚೆದರುವ ಬೆಳಕಿನಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಬೇರೆಬೇರೆ ದಾರಿಗಳಿಂದ ಹೋದವರು ಒಂದಕ್ಕೊಂದು ಹೊಂದುವ ಬೆಲೆಗಳನ್ನು ತಂದುದರಿಂದಲೇ ಬೃಹದಣುವಿನ ಮೇಲೆ ಜಗತ್ತಿಗೆ ನಂಬಿಕೆ ಹುಟ್ಟಿತು.

ಅಭ್ಯಾಸ

1. ಮೇಲೆ ಹೇಳಿದ ಅಭಿಸರಣದ ಪ್ರಯೋಗದಲ್ಲಿ ನೀರಿನ ಕಂಬವು 5 ಸೆಂಟಿಮೀಟರು ಏರಿದ್ದರೆ ಅಣುತೂಕವೆಷ್ಟು?
2. 20,000 ತೂಕದ 5 ಸರಪಣಿಗಳೂ 60,000 ತೂಕದ 5 ಸರಪಣಿಗಳೂ ಇದ್ದರೆ ಎರಡು ಬಗೆಯ ಸರಾಸರಿಗಳನ್ನೂ ಕಂಡುಹಿಡಿಯಿರಿ.

ಉತ್ತರ: 1. ಸುಮಾರು 50,000. 2. 40,000 ಮತ್ತು 50,000.