ಒಂದು ಫಸಲಿನ ಆದಾಯಕ್ಕೆ ಐದು ವರ್ಷದ ಹಣೆಪಟ್ಟಿ

ಆದಾಯ ಮಿತಿ ಎಂಬ ಮಾತು ನಮಗೆ ಹೊಸದಲ್ಲ. ರೇಷನ್ ಕಾರ್ಡಿಗೆ ಒಂದು ಮಿತಿ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಇನ್ನೊಂದು ಮಿತಿ. ಉಳ್ಳವರಿಗೆ ಬೇಡ, ಇಲ್ಲದವರಿಗೆ ಸಿಗಲಿ ಎಂಬುದು ಇದರ ಉದ್ದೇಶ. ಉದ್ದೇಶ ತಪ್ಪಲ್ಲ. ಆದರೆ ಮಳೆ ನಂಬಿ ಮಕ್ಕಳನ್ನು ಸಾಕುವ ಮನೆಗೆ ಈ ಅಳತೆ ಸರಿಹೊಂದುತ್ತದೆಯೇ? ನಮ್ಮ ಮನೆಯಲ್ಲಿ ನಡೆದದ್ದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ನಡೆದದ್ದು

ನಮ್ಮದು ಚಳ್ಳಕೆರೆ ಕಡೆಯ ನಾಲ್ಕು ಎಕರೆ ಬೆದ್ದಲು. ಬೆಳೆ ಶೇಂಗಾ. ಅಕ್ಕಡಿ ಸಾಲಿನ ತೊಗರಿ ಮನೆಯ ಬೇಳೆಗೆ ಆಗುತ್ತದೆ. ತಾಯಿ, ನಾವಿಬ್ಬರು, ಮೂರು ಮಕ್ಕಳು, ಒಟ್ಟು ಆರು ಜನ.

2022ರ ಕೊನೆಯಲ್ಲಿ ಕಿರಿ ಮಗಳು ಎಂಟನೇ ತರಗತಿಯಲ್ಲಿದ್ದಳು. ಎನ್‌ಎಂಎಂಎಸ್ ಪರೀಕ್ಷೆ ಕಟ್ಟಿಸಿ ಎಂದು ಅವರ ಮೇಷ್ಟ್ರು ಹೇಳಿ ಕಳಿಸಿದರು. ಪಾಸಾದರೆ ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ. ಪೋಷಕರ ಆದಾಯ 3.5 ಲಕ್ಷ ಮೀರಬಾರದು. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ವಿಚಾರಣೆಗೆ ಬಂದವರು ಈ ಸಲ ಎಷ್ಟು ಬೆಳೆದಿರಿ ಎಂದು ಕೇಳಿದರು. ಆ ವರ್ಷ ದೇವರು ಕಣ್ಣು ಬಿಟ್ಟಿದ್ದ. ಇಪ್ಪತ್ತು ಕ್ವಿಂಟಲ್ ಅಂದೆ. ಕೂಲಿ, ಕುರಿ ಮಾರಿದ್ದು ಸೇರಿ ಮೂವತ್ತು ಸಾವಿರ ಅಂದೆ. ಪತ್ರದಲ್ಲಿ 1,60,000 ಎಂದು ಬಂತು. ಮೂರೂವರೆ ಲಕ್ಷದ ಒಳಗೇ ಇದೆಯಲ್ಲ ಎಂದು ಸುಮ್ಮನಾದೆ.

ಮಗಳು ಪಾಸಾದಳು. ಆದರೆ ಅದೇ ಪತ್ರ ರೇಷನ್ ಕಾರ್ಡಿಗೆ ಮುಳುವಾಯಿತು. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಇಟ್ಟಿದ್ದ ಮಿತಿ ವರ್ಷಕ್ಕೆ 1.20 ಲಕ್ಷ. 2023ರ ಆಗಸ್ಟಿನಲ್ಲಿ ನಮ್ಮ ಕಾರ್ಡು ಎಪಿಎಲ್ ಆಗಿತ್ತು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರು. ನಮ್ಮದೂ ಅದರಲ್ಲಿತ್ತು. ಒಳ್ಳೆ ವರ್ಷದ ಕಾಗದ ಬರದ ವರ್ಷದಲ್ಲಿ ನಮ್ಮ ಅನ್ನ ಕಿತ್ತುಕೊಂಡಿತು.

ಆಗ ಬಿಪಿಎಲ್ ಕಾರ್ಡಿಗೆ ತಿಂಗಳಿಗೆ ತಲೆಗೆ 5 ಕೆಜಿ ಧಾನ್ಯ, ಇನ್ನೈದು ಕೆಜಿ ಅಕ್ಕಿಯ ಬದಲು 170 ರೂಪಾಯಿ ಇತ್ತು. ಆರು ಜನಕ್ಕೆ ವರ್ಷಕ್ಕೆ 360 ಕೆಜಿ ಧಾನ್ಯ, 12,240 ರೂಪಾಯಿ. ಅರ್ಜಿ ಮೇಲೆ ಅರ್ಜಿ ಕೊಟ್ಟು ಕಾರ್ಡು ತಿರುಗಿ ಬರುವಷ್ಟರಲ್ಲಿ ವರ್ಷ ಕಳೆಯಿತು. ಮಗಳಿಗೆ 12,000 ಬಂತು, ಮನೆಗೆ ಬರುವ ಅದಕ್ಕಿಂತ ಹೆಚ್ಚಿನದು ಹೋಯಿತು. "ಅಪ್ಪಾ, ಎಲ್ಲರ ಹಾಗೆ ಕಡಿಮೆ ಬರೆಸಿದ್ರೆ ಆಗ್ತಿತ್ತಲ್ಲ" ಎಂದು ಅವಳೇ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ

ಮೂರು ವರ್ಷದ ನನ್ನ ಶೇಂಗಾ ಲೆಕ್ಕ ಹೀಗಿದೆ:

2021: 12 ಕ್ವಿಂಟಲ್. ಮಾರಿದ್ದು 72,000. ಖರ್ಚು 60,000. ಉಳಿದದ್ದು 12,000.
2022: 20 ಕ್ವಿಂಟಲ್. ಮಾರಿದ್ದು 1,30,000. ಖರ್ಚು 78,000. ಉಳಿದದ್ದು 52,000.
2023: 4 ಕ್ವಿಂಟಲ್. ಮಾರಿದ್ದು 28,000. ಖರ್ಚು 55,000. ಕೈಬಿಟ್ಟದ್ದು 27,000.

ಮೂರು ವರ್ಷ ಸೇರಿ ಹೊಲದಿಂದ ಉಳಿದದ್ದು 37,000. ವರ್ಷಕ್ಕೆ ಹನ್ನೆರಡು ಸಾವಿರ ಚಿಲ್ಲರೆ. ಕೂಲಿ, ಕುರಿಯ ಮೂವತ್ತು ಸಾವಿರ ಸೇರಿಸಿದರೂ ನಲವತ್ತೆರಡು ಸಾವಿರ. ಖರ್ಚು ಕಳೆಯದೆ ಬರೀ ಮಾರಿದ್ದನ್ನೇ ಹಿಡಿದರೂ ಮೂರು ವರ್ಷದ ಸರಾಸರಿ, ಕೂಲಿ ಸೇರಿ, ಸುಮಾರು 1,06,700. ಅಂದರೆ ಯಾವ ಸರಾಸರಿ ಹಿಡಿದರೂ ನಾವು ಮಿತಿಯ ಒಳಗೇ. ಒಂದೇ ಒಂದು ವರ್ಷದ ಮಾರಾಟ ಹಿಡಿದಾಗ ಮಾತ್ರ ಹೊರಗೆ. ಆ ಒಂದು ವರ್ಷದ ಪತ್ರಕ್ಕೆ ಐದು ವರ್ಷ ಮಾನ್ಯತೆ!

ಸಂಬಳದವನಿಗೆ ಈ ತೊಂದರೆ ಇಲ್ಲ. ಅವನ ಆದಾಯ ಈ ವರ್ಷ ಹೇಗೋ ಮುಂದಿನ ವರ್ಷವೂ ಹೆಚ್ಚುಕಡಿಮೆ ಹಾಗೇ. ನಮ್ಮದು ಹಾಗಲ್ಲ.

ಮಿತಿಯಲ್ಲಿ ಇರುವ ಮೂರು ಕೊರತೆ

ಒಂದು, ಹುಟ್ಟುವಳಿಯನ್ನೇ ಆದಾಯ ಎಂದು ಬರೆದುಬಿಡುತ್ತಾರೆ. ಬೀಜ, ಗೊಬ್ಬರ, ಆಳು ಕಳೆಯುವುದಿಲ್ಲ.

ಎರಡು, ಮಿತಿಯಲ್ಲಿ ಬಾಯಿಗಳ ಎಣಿಕೆ ಇಲ್ಲ. 1.20 ಲಕ್ಷ ಮೂರು ಜನಕ್ಕಾದರೆ ತಲೆಗೆ 40,000, ಆರು ಜನಕ್ಕಾದರೆ 20,000. ರೇಷನ್ ತಲೆ ಲೆಕ್ಕದಲ್ಲಿ ಕೊಡುತ್ತಾರೆ, ಮಿತಿ ಮಾತ್ರ ಮನೆ ಲೆಕ್ಕದಲ್ಲಿ. ಮಕ್ಕಳು ಹೆಚ್ಚಿರುವ ಮನೆಗೆ, ವಯಸ್ಸಾದವರನ್ನು ಇಟ್ಟುಕೊಂಡ ಮನೆಗೆ ಇದು ಅನ್ಯಾಯ.

ಮೂರು, ಮಿತಿ ಬಾವಿಯ ದಂಡೆ ಇದ್ದ ಹಾಗೆ. 1,19,000 ಇದ್ದವನಿಗೆ ಪೂರ್ತಿ, 1,21,000 ಇದ್ದವನಿಗೆ ಸೊನ್ನೆ. ಎರಡು ಸಾವಿರ ಹೆಚ್ಚು ದುಡಿದವನು ಹತ್ತಾರು ಸಾವಿರ ಕಳೆದುಕೊಳ್ಳುತ್ತಾನೆ. ಆಗ ಜನ ಸುಳ್ಳು ಬರೆಸುತ್ತಾರೆ. ತಪ್ಪು ಬರೀ ಜನರದ್ದಲ್ಲ.

ಹಾಗಾದರೆ ಮಿತಿಯೇ ಬೇಡವೇ?

ಹಾಗೆ ಹೇಳಲಾರೆ. ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಬರೀ ಬೇಸಾಯವಿರುವ ನಲವತ್ತು ಎಕರೆ ತೋಟದವನೂ ತೆರಿಗೆ ಪಟ್ಟಿಯಲ್ಲಿ ಸಿಗುವುದಿಲ್ಲ. 2021ರಲ್ಲಿ ಬಂದ ರೈತ ವಿದ್ಯಾನಿಧಿಗೆ ಆದಾಯದ ಮಿತಿಯೇ ಇರಲಿಲ್ಲ. ಪದವಿ ಓದುವ ಹುಡುಗನಿಗೆ 5,000, ಹುಡುಗಿಗೆ 5,500. ಎರಡೆಕರೆಯವನ ಮಗನಿಗೂ ನಲವತ್ತೆಕರೆಯವನ ಮಗನಿಗೂ ಒಂದೇ ಮೊತ್ತ. ಆ ಹಣ ಎರಡೆಕರೆಯವರಿಗೇ ಹೆಚ್ಚು ಹೋಗಿದ್ದರೆ ಚೆನ್ನಿತ್ತು ಎಂದು ನನ್ನ ಅನಿಸಿಕೆ.

ಆದರೆ ಮಗುವಿನ ಊಟಕ್ಕೆ ಮಿತಿ ಕೂಡದು. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗ ನಿನ್ನಪ್ಪನ ಆದಾಯ ಎಷ್ಟು ಎಂದು ಯಾವ ಮಗುವನ್ನೂ ಕೇಳಲಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಅಂಗನವಾಡಿಯ ಆಹಾರಕ್ಕೆ ಬಿಪಿಎಲ್ ಎಂಬ ಷರತ್ತು ಹಾಕಬಾರದು ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಇದು ಸರಿಯಾದ ದಾರಿ.

ಉಳಿದ ಸವಲತ್ತಿಗೆ ಮಿತಿ ಇರಲಿ. ಖರ್ಚು ಕಳೆದ ಮೂರು ವರ್ಷದ ಸರಾಸರಿ ಹಿಡಿಯಲಿ, ತಲೆ ಲೆಕ್ಕ ಹಾಕಲಿ. ಮಿತಿ ದಾಟಿದವನಿಗೆ ಒಮ್ಮೆಗೇ ನಿಲ್ಲಿಸದೆ ಮೊದಲು ಮುಕ್ಕಾಲು, ಆಮೇಲೆ ಅರ್ಧ, ಆಮೇಲೆ ಕಾಲು ಎಂದು ಇಳಿಸಲಿ. ಬರ ಸಾರಿದ ವರ್ಷ ಯಾವ ಕಾರ್ಡನ್ನೂ ಮುಟ್ಟದಿರಲಿ.

ನಾವು ಮಾಡಬಹುದಾದದ್ದು

1. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ರಸೀದಿ ಇಟ್ಟುಕೊಳ್ಳಿ.

2. ಆದಾಯ ಪತ್ರಕ್ಕೆ ಅರ್ಜಿ ಹಾಕುವಾಗ ಹುಟ್ಟುವಳಿ ಬೇರೆ, ಖರ್ಚು ಬೇರೆ, ಉಳಿದದ್ದು ಬೇರೆ ಎಂದು ಕಾಗದದಲ್ಲಿ ಬರೆದು ಲಗತ್ತಿಸಿ. ನಾನು ಬಾಯಲ್ಲಿ ಹೇಳಿ ಕೆಟ್ಟೆ.

3. ಒಂದೇ ಪತ್ರ ಹಲವು ಕಡೆ ಓಡಾಡುತ್ತದೆ ಎಂಬುದು ನೆನಪಿರಲಿ. ಪತ್ರ ಕೈಗೆ ಬಂದ ದಿನವೇ ಅಂಕಿ ನೋಡಿ, ತಪ್ಪಿದ್ದರೆ ಆಗಲೇ ಬರವಣಿಗೆಯಲ್ಲಿ ಕೇಳಿ.

4. ಗ್ರಾಮಸಭೆಯಲ್ಲಿ ಈ ಮಾತು ಎತ್ತಿ, ನಡಾವಳಿಯಲ್ಲಿ ಬರೆಸಿ.

ಸುಳ್ಳು ಬರೆಸಿ ಎಂದು ನಾನು ಹೇಳುವುದಿಲ್ಲ. ಮಗಳಿಗೂ ಹೇಳಿಲ್ಲ. ಈಗ ಮನೆಯ ಲೆಕ್ಕ ಬರೆಯುವವಳು ಅವಳೇ. ನಿಮ್ಮ ಮೂರು ವರ್ಷದ ಲೆಕ್ಕವನ್ನೂ ಪತ್ರಿಕೆಗೆ ಬರೆದು ಕಳಿಸಿ. ನೂರು ಮನೆಯ ಲೆಕ್ಕ ಒಟ್ಟಿಗೆ ಇಟ್ಟರೆ ಯಾರೂ ಇಲ್ಲವೆನ್ನಲಾರರು.